ಯಾರೂ ಕೊಳ್ಳದ ಮಗು

೨ ಜೂನ್ ೧೯೫೮, ಸೋಮವಾರ

ಇವತ್ತೂ ಮೂರು ಹಾಳೆ ರೊಟ್ಟಿ ಸೀದವು. ಇದ್ದಿಲು ಹಸಿ. ತಟ್ಟೆಯ ಒಂದು ಕಡೆ ಕಾವು, ಇನ್ನೊಂದು ಕಡೆ ತಣ್ಣಗೆ. ಸಿಸ್ಟರ್ ಲೂರ್ದುಮೇರಿ ಬಯ್ಯಲಿಲ್ಲ. ಸೀದದ್ದನ್ನು ಮೂಗಿನ ಹತ್ತಿರ ಹಿಡಿದು, "ಇದು ಪೂಜೆಗೆ ಬೇಡ, ಮಕ್ಕಳಿಗೆ ಆಗುತ್ತೆ" ಅಂದರು. ಮಕ್ಕಳಿಗೆ ಸೀದದ್ದೇ ಇಷ್ಟ. ಗೇಟಿನ ಹತ್ತಿರ ಕಾದಿರುತ್ತವೆ.

ಕೆಲಸ ದೊಡ್ಡದೇನಲ್ಲ. ಮೈದಾ, ನೀರು. ಉಪ್ಪಿಲ್ಲ, ಹುಳಿಯಿಲ್ಲ. ಉದ್ದ ಹಿಡಿಯ ಕಬ್ಬಿಣದ ಇಕ್ಕಳ, ಅದರ ತುದಿಯಲ್ಲಿ ಎರಡು ತಟ್ಟೆ, ಒಂದರಲ್ಲಿ ಶಿಲುಬೆ ಕೊರೆದಿದೆ. ಕಾಯಿಸಿ, ಜೇನುಮೇಣ ಸವರಿ, ಹಿಟ್ಟು ಸುರಿದು, ಅದುಮಿ ಹಿಡಿಯಬೇಕು. ಸುಯ್ ಎಂದು ಸದ್ದು ಬಂದು ನಿಲ್ಲುತ್ತದೆ. ನಿಂತ ಕೂಡಲೇ ತೆಗೆದರೆ ಬಿಳಿ. ಒಂದು ಉಸಿರು ತಡವಾದರೆ ಕಂದು. ಒದ್ದೆ ಬಟ್ಟೆಯೊಳಗೆ ಇಟ್ಟು ಮಾರನೆಯ ದಿನ ಗುಂಡಗೆ ಕತ್ತರಿಸುವುದು. ಭಾನುವಾರ ಚರ್ಚಿನ ಪೂಜೆಯಲ್ಲಿ ಸ್ವಾಮಿಗಳು ಪೀಠದ ಮುಂದೆ ಎತ್ತಿ ಹಿಡಿಯುವುದು ಅದನ್ನೇ.

ಸಂಬಳವಿಲ್ಲ. ಯಾಕೆ ಹೋಗುತ್ತೇನೆ ಅಂತ ಜನ ಕೇಳುತ್ತಾರೆ. ಹೋದ ವರ್ಷ ಅವ್ವ ಒಂದು ಬುಟ್ಟಿ ಮೊಟ್ಟೆ ಕೊಟ್ಟು ಕಾನ್ವೆಂಟಿಗೆ ಕಳಿಸಿದ್ದಳು. ಹಿಂದಿನ ಶೆಡ್ಡಿನಿಂದ ಸುಟ್ಟ ವಾಸನೆ. ಇಣುಕಿದೆ. ಸಿಸ್ಟರ್ ಕೆಮ್ಮುತ್ತಾ, ಇಕ್ಕಳ ಹಿಡಿಯಲಾಗದೆ ಒದ್ದಾಡುತ್ತಿದ್ದರು. ಕೈ ಹಾಕಿದೆ. ಮಾರನೆಯ ದಿನವೂ ಹೋದೆ. ಆಮೇಲೊಂದು ದಿನ ಅವರು ಅಂದರು: "ನಿನ್ನನ್ನ ಯಾರೂ ಕರೀಲಿಲ್ಲ ಕಣಮ್ಮ, ನೀನೇ ಬಂದೆ. ಹಾಗೆ ಬಂದೋರ ಕೈಯಲ್ಲಿ ರೊಟ್ಟಿ ಬೆಳ್ಳಗೆ ಬರುತ್ತೆ."

ಈ ಮಾತನ್ನು ಮನೆಯಲ್ಲಿ ಹೇಳಿಲ್ಲ. ಹೇಳಿದರೆ ನಗುತ್ತಾರೆ. ಇಲ್ಲಿರಲಿ.

೧೧ ಜೂನ್, ಬುಧವಾರ

ಅಪ್ಪ ಬೆಳಿಗ್ಗೆ ರೈಲ್ವೆ ವರ್ಕ್‌ಶಾಪಿಗೆ ಹೊರಡುವ ಹೊತ್ತಿಗೆ ನನ್ನ ಮೇಲೆ ಶುರು. "ಸ್ಕೂಲು ಬಿಟ್ಲು. ಟೈಪಿಂಗ್ ಬಿಟ್ಲು. ಹೊಲಿಗೆ ಬಿಟ್ಲು. ಈ ರೊಟ್ಟಿ ಸುಡೋದನ್ನ ಯಾವತ್ತು ಬಿಡ್ತಾಳೋ ನೋಡ್ಬೇಕು."

ಪಕ್ಕದ ಮನೆ ಪುಟ್ಟತಾಯಮ್ಮ ಹಾಲು ಅಳೆಯುತ್ತಾ ನಿಂತಿದ್ದಳು. ನಾನು ಹುಟ್ಟುವ ಮೊದಲಿನಿಂದ ಈ ಕುಂಬಾರಕೊಪ್ಪಲಿನಲ್ಲಿ ಅವಳ ಎಮ್ಮೆ ಹಾಲೇ ನಮಗೆ. "ಬುಡು ಜ್ಞಾನಪ್ಪ. ಅದರ ಮಾವನ ಬುದ್ಧಿ ಅದಕ್ಕೆ ಬಂದದೆ. ಕುದ್ರೆ ಜೊತೆ ಇರೋನ ಸೋದರಸೊಸೆ ಒಂದ್ ಕಡೆ ನಿಂತಾಳಾ?"

ಮಾವನ ಹೆಸರೆತ್ತಿದ ಕೂಡಲೇ ಅಪ್ಪ ಸೈಕಲ್ ಹತ್ತಿ ಹೋದ. ಮರಿಯಯ್ಯ ಮಾವ ಅವ್ವನ ಅಣ್ಣ. ಜಟಕಾ ಹೊಡೆಯುತ್ತಾನೆ. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಹೊಸ್ತಿಲು ತುಳಿದಿಲ್ಲ. ಒಮ್ಮೆ ಅಪ್ಪ ಊಟಕ್ಕೆ ಕೂತಾಗ, "ನಿಮ್ಮಣ್ಣ ಬಂದ್ರೆ ಮನೆಯೆಲ್ಲ ಕುದುರೆ ನಾತ" ಅಂದನಂತೆ. ಅಷ್ಟೇ.

ಸ್ಕೂಲಿನ ವಿಷಯ. ಹೈಸ್ಕೂಲು, ನಾಲ್ಕನೇ ಫಾರಂ. ಬೋರ್ಡಿನ ಮೇಲೆ ಯಾರೋ ಟೀಚರ ಚಿತ್ರ ಬರೆದಿದ್ದರು, ಮೀಸೆ ಇಟ್ಟು. ಯಾರು ಬರೆದದ್ದು ಅಂತ ನನ್ನನ್ನು ಕೇಳಿದರು. ಗೊತ್ತು, ಹೇಳುವುದಿಲ್ಲ ಅಂದೆ. ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಗೊತ್ತಿತ್ತಲ್ಲ. ಕ್ಷಮೆ ಕೇಳು, ಇಲ್ಲ ಮನೆಗೆ ನಡೆ ಅಂದರು. ಮನೆಗೆ ನಡೆದೆ. ನಾನೇ ಬಿಟ್ಟದ್ದು. ಯಾರೂ ಬಿಡಿಸಲಿಲ್ಲ. ಅದೊಂದು ಹೆಮ್ಮೆ ನನಗೆ ಈಗಲೂ ಇದೆ. ಪಾಪನಿವೇದನೆಯಲ್ಲಿ ಹೇಳಿದ್ದೇನೆ ಕೂಡ.

೬ ಜುಲೈ, ಭಾನುವಾರ

ಪೂಜೆ. ಸ್ವಾಮಿಗಳು ರೊಟ್ಟಿ ಎತ್ತಿದರು. ಗಂಟೆ. ಎಲ್ಲರ ತಲೆ ಬಾಗಿತು. ನಾನು ಬಾಗಲಿಲ್ಲ, ನೋಡುತ್ತಿದ್ದೆ. ಅಂಚಿನಲ್ಲಿ ಕಂದಿದೆಯಾ ಅಂತ. ಇರಲಿಲ್ಲ.

ಆಗ ಒಂದು ಥರ ಆಯಿತು. ದರ್ಶನ ಗಿರ್ಶನ ಅಲ್ಲ. ನನಗೆ ಅಂಥದ್ದೆಲ್ಲ ಆಗುವುದಿಲ್ಲ, ಆಯಿತು ಅಂತ ಬರೆಯುವುದೂ ಇಲ್ಲ. ಒಂದು ಯೋಚನೆ ಅಷ್ಟೇ. ಎಲ್ಲ ಕಡೆಯಿಂದಲೂ ಎದ್ದು ಬಂದೆ, ಇದೊಂದರಿಂದ ಏಳಬೇಕು ಅಂತ ಅನ್ನಿಸುತ್ತಿಲ್ಲ. ಬಾಗಿಲು ತೆಗೆದೇ ಇದೆ. ಆದರೂ ಕೂತಿದ್ದೇನೆ.

ಇದಕ್ಕೆ ಏನನ್ನುತ್ತಾರೋ.

೧೫ ಆಗಸ್ಟ್, ಶುಕ್ರವಾರ

ಬೀದಿ ತುಂಬ ಬಾವುಟ. ಸ್ಕೂಲು ಮಕ್ಕಳ ಮೆರವಣಿಗೆ, ಡೋಲು. ಚರ್ಚಿನಲ್ಲಿ ದೇವಮಾತೆ ಸ್ವರ್ಗಕ್ಕೆ ಹೋದ ಹಬ್ಬ. ಎರಡೂ ಒಂದೇ ದಿನ.

ಶೆಡ್ಡಿನಲ್ಲಿ ಸಿಸ್ಟರ್‌ಗೆ ಹೇಳಿಬಿಟ್ಟೆ. "ನಾನು ಒಳಗೆ ಸೇರ್ತೀನಿ, ಸಿಸ್ಟರ್ ಆಗ್ತೀನಿ. ಓದಿದೋಳಲ್ಲ, ಪಾಠ ಮಾಡಕ್ಕೆ ಬರಲ್ಲ. ರೊಟ್ಟಿ ಸುಡ್ತೀನಿ, ಪಾತ್ರೆ ಬೆಳಗ್ತೀನಿ. ಸೇರಿಸ್ಕೋತಾರಾ?"

ಅತ್ತುಬಿಟ್ಟರು. ಸೆರಗಿಲ್ಲವಲ್ಲ ಅವರಿಗೆ, ತೋಳಿನಲ್ಲೇ ಒರೆಸಿಕೊಂಡರು. ಇಷ್ಟು ಅಳುವುದು ಯಾಕೆ ಅನ್ನಿಸಿತು. ವಯಸ್ಸಾಗಿದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಜಗಳವಾಗುತ್ತದೆ ಅಂತ ಮಾತು ಜೋಡಿಸಿಕೊಂಡು ಬಂದಿದ್ದೆ. ಜಗಳವೇ ಇಲ್ಲ! ಅವ್ವ ಒಲೆ ಮುಂದೆ ಕೂತವಳು ಎದೆಗೆ ಶಿಲುಬೆ ಗುರುತು ಹಾಕಿಕೊಂಡಳು. ಅಟ್ಟದಿಂದ ಒಂದು ಟ್ರಂಕು ಇಳಿಸಿದಳು. ನೀಲಿ ಬಣ್ಣದ್ದು. ಯಾವತ್ತೂ ನೋಡಿರಲಿಲ್ಲ. "ಇದರಲ್ಲಿ ಬಟ್ಟೆ ಇಟ್ಕೋ." ಒಳಗೆ ಏನೂ ಹಾಕಿದ ಗುರುತಿಲ್ಲ, ಹೊಸದೇ. ಚಿಲಕ ಮಾತ್ರ ತುಕ್ಕು. ಎಣ್ಣೆ ಬಿಟ್ಟು ತೆಗೆಯಬೇಕಾಯಿತು.

ಅವ್ವನಿಗೆ ನನ್ನ ಮನಸ್ಸು ನನಗಿಂತ ಮೊದಲೇ ಗೊತ್ತಿತ್ತು ಅಂತ ಕಾಣುತ್ತೆ. ಅಮ್ಮಂದಿರಿಗೆ ಗೊತ್ತಾಗುತ್ತದಂತೆ.

೨೮ ಆಗಸ್ಟ್, ಗುರುವಾರ

ಕಾನ್ವೆಂಟಿನ ಮದರ್ ಕರೆಸಿದ್ದರು. ಮುಂದಿನ ತಿಂಗಳು ಬಿಷಪರು ಒಬ್ಬ ಗುರುಗಳನ್ನು ಕಳಿಸುತ್ತಾರೆ. ಹುಡುಗಿಯನ್ನು ಒಂಟಿಯಾಗಿ ಕೂರಿಸಿ ಕೇಳುತ್ತಾರೆ. ಯಾರ ಬಲವಂತವೂ ಇಲ್ಲದೆ ನಿನ್ನ ಇಚ್ಛೆಯಿಂದಲೇ ಬರುತ್ತಿದ್ದೀಯಾ ಅಂತ. "ಹೌದು ಅನ್ನಬೇಕು. ಅಷ್ಟೇ" ಅಂದರು ಮದರ್.

ನಗು ಬಂತು. ಜೀವಮಾನದಲ್ಲಿ ನನ್ನನ್ನು ಕೇಳಿದ ಎಲ್ಲ ಪ್ರಶ್ನೆಗೂ ತಪ್ಪು ಉತ್ತರ ಕೊಟ್ಟವಳು ನಾನು. ಇದೊಂದು ಪ್ರಶ್ನೆಗೆ ಉತ್ತರ ಬಾಯಲ್ಲೇ ಇದೆ. ಸುಳ್ಳು ಹೇಳಬೇಕಾಗಿಯೇ ಇಲ್ಲ.

೮ ಸೆಪ್ಟೆಂಬರ್, ಸೋಮವಾರ

ಆರೋಗ್ಯ ಮಾತೆಯ ಹಬ್ಬ. ನನ್ನ ಹೆಸರಿನ ಹಬ್ಬ. ಅವ್ವ ಈ ವರ್ಷವೂ ಬರಲಿಲ್ಲ. ಮಂಡಿ ನೋವಂತೆ. ಪ್ರತಿ ವರ್ಷ ಇದೇ ದಿನ ಮಂಡಿ ನೋಯುತ್ತದೆ.

ಪುಟ್ಟತಾಯಮ್ಮನ ಜೊತೆ ಹೋದೆ. ಅವಳ ಮೊಮ್ಮಗನಿಗೆ ಹುಟ್ಟಿದಾಗಿನಿಂದ ಸೆಳವು. ಚಾಮುಂಡಿಗೂ ಹೇಳಿಕೊಂಡಿದ್ದಾಳೆ, ಮಾತೆಗೂ ಹೇಳಿಕೊಂಡಿದ್ದಾಳೆ. ಇವತ್ತು ಮಗು ಮಾರುವುದು. ಮಾತೆಯ ಪೀಠದ ಮೆಟ್ಟಿಲ ಮೇಲೆ ತಾಯಿ ಮಗುವನ್ನು ಮಲಗಿಸಿ, "ಮಾತೆ, ಇದು ನಿಂದು" ಅಂದು ಹಿಂದೆ ಸರಿಯಬೇಕು. ಸೋದರಮಾವ ಬಂದು ರಾಗಿ ಸುರಿದು, "ನಿನ್ನ ರಾಗಿ ತಗೋ, ನನ್ನ ಮಗೂನ ಕೊಡು" ಅಂದು ಎತ್ತಿಕೊಳ್ಳಬೇಕು. ಮಾತೆಯಿಂದ ಕೊಂಡ ಮಗುವಿಗೆ ಕೇಡು ತಟ್ಟುವುದಿಲ್ಲ ಅಂತ ನಂಬಿಕೆ. ನಮ್ಮವರೂ ಮಾಡುತ್ತಾರೆ, ಕೊಪ್ಪಲಿನವರೂ ಮಾಡುತ್ತಾರೆ. ಸ್ವಾಮಿಗಳು ನೋಡಿಯೂ ನೋಡದ ಹಾಗೆ ಇರುತ್ತಾರೆ.

ಮಗುವಿನ ಮಾವ ದೇವರಾಜು ರಾಗಿ ಸುರಿದ ಜೋರಿಗೆ ಅರ್ಧ ನನ್ನ ಕಾಲ ಮೇಲೆ. ಎಲ್ಲರೂ ನಕ್ಕರು. ಮಗುವೂ ನಕ್ಕಿತು. ಹೊರಗೆ ಮರದ ಕೆಳಗೆ ಕೂತು ಕಡಲೆಪುರಿ ತಿನ್ನುವಾಗ ತಮಾಷೆಗೆ ಕೇಳಿದೆ, "ನನ್ನನ್ನೂ ಮಾರಿದ್ರಂತಲ್ಲ ಪುಟ್ಟತಾಯಕ್ಕ. ಒಳ್ಳೇ ರಾಗಿ ಕೊಟ್ರಾ, ಕಲ್ಲು ರಾಗಿ ಕೊಟ್ರಾ?"

"ಎಲ್ಲಿ ಕೊಟ್ರು?" ಪುರಿ ಬಾಯಲ್ಲಿಟ್ಟುಕೊಂಡೇ ಅಂದಳು. "ನಿನ್ನ ಯಾರೂ ಕೊಳ್ನೇ ಇಲ್ಲ ಕಣವ್ವ. ನಿಮ್ಮ ಮಾವ ಬರ್ನೇ ಇಲ್ಲ. ನೀನು ಅತ್ತು ಅತ್ತು ನೀಲಿ ತಿರುಗ್ದೆ. ನಿಮ್ಮವ್ವನೇ ಓಗಿ ಎತ್ಕಂಡ್ಬುಟ್ಲು. ಮಾರ್ದೋಳೇ ಎತ್ಕಂಡ್ರೆ ಅದು ಕೊಂಡಂಗಾಯ್ತದಾ? ಅದಕ್ಕೇ ಅಲ್ವಾ ನಿನ್ನ ಮಾತೆಗೇ ಬುಟ್ಟಿರೋದು. ನೀನು ಸಿಸ್ಟರ್ ಆಗೋದು ಆವತ್ತೇ ಬರ್ದಿತ್ತು ಬುಡು."

ಆಮೇಲೆ ನನ್ನ ಮುಖ ನೋಡಿದಳು. "ನಿಂಗೆ ಗೊತ್ತಿರ್ಲಿಲ್ವಾ ಮಗ?"

ಗೊತ್ತಿರಲಿಲ್ಲ.

೯ ಸೆಪ್ಟೆಂಬರ್, ಮಂಗಳವಾರ

ಅವ್ವ ಒಳಕಲ್ಲಿನ ಮುಂದೆ. ನಾನು ಎದುರಿಗೆ ಕೂತೆ. ಕೇಳಿದೆ. ರುಬ್ಬುವುದನ್ನು ನಿಲ್ಲಿಸಲಿಲ್ಲ.

"ಅಳ್ತಿದ್ದೆ ಕಣೇ ನೀನು. ಮೈ ಸುಡೋ ಜ್ವರ. ಕಲ್ಲು ಬೇರೆ ತಣ್ಣಗಿತ್ತು. ನಿಮ್ಮ ಮಾವ ಈಗ ಬತ್ತಾನೆ, ಈಗ ಬತ್ತಾನೆ ಅಂತ ಎಷ್ಟೊತ್ತು ನೋಡ್ಲಿ? ತಡೀಲಿಲ್ಲ. ಎತ್ಕೊಂಡ್ಬುಟ್ಟೆ."

"ಎತ್ತಿಕೊಂಡರೆ ಏನಾಯ್ತು?"

"ಕೊಟ್ಟ ಕೈಯಲ್ಲೇ ಕಿತ್ಕೊಂಡಂಗಾಯ್ತು. ಮಾತೆ ಕೈಯಿಂದ." ಗುಂಡು ನಿಂತಿತು. "ನೀನು ಉಳಿದೆ. ಆಮೇಲೆ ಚಿನ್ನಪ್ಪ ಹುಟ್ಟಿದ. ಅವನು ಓದ."

ತಮ್ಮ ಚಿನ್ನಪ್ಪ. ಭೇದಿಯಲ್ಲಿ ಹೋದ. ನನಗೆ ಅವನ ಟೋಪಿ ಒಂದು ನೆನಪಿದೆ.

"ಒಂದನ್ನ ನಾನು ಕೊಡ್ಲಿಲ್ಲ. ಇನ್ನೊಂದನ್ನ ಅವಳೇ ತಕೊಂಡ್ಲು. ಅವನನ್ನ ಮಣ್ಣು ಮಾಡಿ ಬಂದ ದಿನವೇ ಹೇಳ್ಬುಟ್ಟೆ ಮಾತೆಗೆ. ಇವಳು ನಿನ್ನೋಳೇ ತಾಯಿ, ಇವಳನ್ನ ಮುಟ್ಟಬ್ಯಾಡ, ಬೆಳೆಸಿ ನಾನೇ ತಂದು ಬುಡ್ತೀನಿ ಅಂತ."

ಟ್ರಂಕು ಆ ವರ್ಷ ಕೊಂಡದ್ದು. ನನಗೆ ಐದು ವರ್ಷ.

"ಮೊಟ್ಟೆ ಬುಟ್ಟಿ?"

"ಸಿಸ್ಟರ್‌ಗೆ ಹೇಳಿದ್ದೆ, ನಿನ್ನ ಕಳಿಸ್ತೀನಿ ಅಂತ."

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ಅವ್ವ?"

"ಕೇಳಿದ್ರೆ ಒಲ್ಲೆ ಅಂತಿದ್ದೆ. ಹೇಳಿದ್ದಕ್ಕೆ ಯಾವತ್ತು ಹೂಂ ಅಂದಿದೀಯ ನೀನು? ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ನೀನಾಗೇ ಓಗೋ ಅಂಗೆ ನೋಡ್ಕೊಂಡೆ."

ನಾನಾಗೇ ಹೋಗುವ ಹಾಗೆ ನೋಡಿಕೊಂಡಳು. ಕುರಿಯನ್ನು ಹಾಗೆಯೇ ನೋಡಿಕೊಳ್ಳುವುದು. ಎದುರಿಗೆ ಸೊಪ್ಪು ಹಿಡಿದು ನಡೆದರೆ ಹಗ್ಗ ಬೇಕಾಗುವುದಿಲ್ಲ.

೧೪ ಸೆಪ್ಟೆಂಬರ್, ಭಾನುವಾರ

ಶೆಡ್ಡಿಗೆ ಹೋಗಿರಲಿಲ್ಲ. ಇವತ್ತು ಹೋದದ್ದು ಕೇಳುವುದಕ್ಕೆ.

"ಮೊಟ್ಟೆ ತಂದ ದಿನ, ನಾನು ಬರ್ತೀನಿ ಅಂತ ಗೊತ್ತಿತ್ತಾ ಸಿಸ್ಟರ್?"

ರೊಟ್ಟಿ ಕತ್ತರಿಸುತ್ತಿದ್ದವರು ಕೈಲಿದ್ದದ್ದನ್ನು ಕೆಳಗಿಟ್ಟರು. "ಗೊತ್ತಿತ್ತು."

"ಕೆಮ್ಮು?"

"ಕೆಮ್ಮು ಸುಳ್ಳಲ್ಲ. ಕೈ ನೋವೂ ಸುಳ್ಳಲ್ಲ."

"ಯಾರೂ ಕರೀಲಿಲ್ಲ ಅಂದ್ರಲ್ಲ."

"ನಾನು ಕರೀಲಿಲ್ಲಮ್ಮ. ನಿಮ್ಮ ತಾಯಿ ಕಳಿಸಿದರು."

"ಅದು ಸುಳ್ಳಿಗಿಂತ ಕೀಳು ಸಿಸ್ಟರ್." ಹೇಳಿಬಿಟ್ಟೆ. ಕನ್ಯಾಸ್ತ್ರೀಗೆ ಹಾಗನ್ನಬಾರದು. ಆದರೆ ನಿಜ.

ಸ್ಟೂಲಿನ ಮೇಲೆ ಕೂತರು. ಅವರ ಕಥೆ ಹೇಳಿದರು. ಕೋಲಾರದ ಕಡೆ ಹಳ್ಳಿ. ಆರು ಹೆಣ್ಣುಮಕ್ಕಳು. ಅಪ್ಪ ಗಾಡಿಯಲ್ಲಿ ತಂದು ಇಳಿಸಿ ಹೋದದ್ದು. "ಎಷ್ಟೋ ವರ್ಷ ನಾನು ಇಲ್ಲಿ ಇರಲೇ ಇಲ್ಲ, ಮೈ ಇತ್ತು ಅಷ್ಟೇ. ಒಂದು ದಿನ ಇದೇ ಇಕ್ಕಳ ಹಿಡಿದಿದ್ದೆ. ಹಿಂದಿನ ಗೇಟು ತೆಗೆದಿತ್ತು. ರಸ್ತೆ ಕಾಣ್ತಿತ್ತು. ಹೋಗಬಹುದು ಅನ್ನಿಸ್ತು. ಯಾರೂ ತಡೀತಿರಲಿಲ್ಲ. ರೊಟ್ಟಿ ಸುಡುತ್ತಿತ್ತು, ಅದನ್ನ ತೆಗೆದೆ. ಇನ್ನೊಂದು ಹಾಕಿದೆ. ನಾನು ಬಂದದ್ದು ಅವತ್ತು."

"ಅದು ನಿಮಗಾಯ್ತು. ನಿಮ್ಮ ಗೇಟು ನಿಜವಾಗಿ ತೆಗೆದಿತ್ತು. ನನಗೆ ತೆಗೆದಿದೆ ಅಂತ ನಂಬಿಸಿದ್ರಿ."

ಇಕ್ಕಳದೊಳಗಿದ್ದ ಹಾಳೆ ಸೀದು ಹೊಗೆ ಬಂತು. ಇಬ್ಬರೂ ತೆಗೆಯಲಿಲ್ಲ.

ಅವ್ವ ಮಾಡಿದ್ದು ಹೆದರಿಕೆಗೆ. ಅದನ್ನು ಅರ್ಥ ಮಾಡಿಕೊಳ್ಳಬಹುದೇನೋ. ಸಿಸ್ಟರ್ ಯಾಕೆ ಮಾಡಿದರು? ನೀನೇ ಬಂದೆ ಅಂದ ಆ ಮಾತನ್ನು ನಾನು ಹರಳಿನ ಹಾಗೆ ಇಟ್ಟುಕೊಂಡಿದ್ದೆ. ಮೊದಲ ಪುಟ ಹರಿದು ಹಾಕೋಣ ಅಂತ ತೆಗೆದೆ. ಹರಿಯಲಿಲ್ಲ. ಅವರು ಹಾಗೆ ಹೇಳಿದ್ದಂತೂ ನಿಜ.

೧೭ ಸೆಪ್ಟೆಂಬರ್, ಬುಧವಾರ

ಒಂದು ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತಿದೆ. ಅಪ್ಪನಿಗೆ ಗೊತ್ತಿತ್ತಾ ಅಂತ ಕೇಳಿದೆ. ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಾ ಹೇಳಿದ. ತಲೆ ಎತ್ತಲಿಲ್ಲ.

"ಜನವರೀಲಿ ಅಮಲರಾಜ್ ಕಡೆಯೋರು ಹೆಣ್ಣು ಕೇಳಿದ್ರು. ಪ್ರೆಸ್ಸಿನಲ್ಲಿ ಕೆಲಸ ಮಾಡ್ತಾನಲ್ಲ, ಆ ಹುಡುಗ. ನಿಮ್ಮವ್ವ ಬೇಡ ಅನ್ನಿಸಿದ್ಲು. ಆಗ್ಲೇ ಮಾತೆಗೆ ಬಿಟ್ಟ ಮಗು ಅಂತ ಅವರಿಗೆ ಅಂದೆ."

ನನಗೆ ಅಮಲರಾಜ್ ಬೇಕಾಗಿರಲಿಲ್ಲ. ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವಾಗ ನಾಲಿಗೆ ಹೊರಗೆ ಹಾಕುತ್ತಾನೆ. ಆದರೆ ಬೇಡ ಅನ್ನಬೇಕಾದವಳು ನಾನು. ನನ್ನ ಬೇಡವನ್ನೂ ಇವರೇ ಅಂದು ಮುಗಿಸಿದ್ದಾರೆ.

"ಇನ್ನೇನಿದೆ ಅಪ್ಪ? ಎಲ್ಲ ಹೇಳಿಬಿಡು ಇವತ್ತೇ."

ಸ್ವಲ್ಪ ಹೊತ್ತು ಪೆಡಲ್ ತಿರುಗಿಸಿದ. "ಸ್ಕೂಲಿಂದ ಹೆಡ್‌ಮಿಸ್ಟ್ರೆಸ್ ಬಂದಿದ್ರು. ನೀನು ಬಿಟ್ಟ ವಾರಕ್ಕೆ. ಕ್ಷಮೆ ಗಿಮೆ ಏನೂ ಬೇಡ, ಹುಡುಗೀನ ಕಳಿಸಿ, ನಿಜ ಹೇಳೋ ಹುಡುಗಿ ಅಂದ್ರು. ನೀನು ನೀರಿಗೆ ಹೋಗಿದ್ದೆ. ನಿಮ್ಮವ್ವ, ಅವಳಿಗೆ ಇಷ್ಟ ಇಲ್ಲ ಅಂತ ಹೇಳಿ ಕಳಿಸಿಬಿಟ್ಲು. ಓದಿ ಟೀಚರ್ ಆದ್ರೆ ಮದುವೆ ಗಿದುವೆ ಅಂತ ದಾರಿ ತಪ್ತಾಳೆ ಅಂತ."

"ನೀನು?"

"ನಾನು ಇಲ್ಲೇ ಕೂತಿದ್ದೆ." ಆಮೇಲೆ, "ಅವಳು ಚಿನ್ನಪ್ಪನ ಹೆಸರು ಹೇಳ್ತಾಳೆ ಕಣಮ್ಮ. ಆ ಹೆಸರಿಗೆ ನನ್ನ ಹತ್ರ ಮಾತಿಲ್ಲ."

ನಾನೇ ಬಿಟ್ಟೆ ಅಂತ ಜೂನ್ ತಿಂಗಳಲ್ಲಿ ಬರೆದಿದ್ದೇನೆ. ಓದಿದೆ. ನಗಬೇಕೋ ಅಳಬೇಕೋ. ನನ್ನದು ಅಂತ ಇದ್ದದ್ದು ಒಂದೇ ಒಂದು ಹಟ. ಅದನ್ನೂ ತೆಗೆದುಕೊಂಡು ಉಪಯೋಗಿಸಿದ್ದಾರೆ.

೨೨ ಸೆಪ್ಟೆಂಬರ್, ಸೋಮವಾರ

ಬಿಷಪರು ಕಳಿಸಿದ ಗುರುಗಳು. ದಪ್ಪ ಕನ್ನಡಕ, ಮೇಜಿನ ಮೇಲೆ ಟೋಪಿ. ಮದರ್ ಬಾಗಿಲು ಹಾಕಿಕೊಂಡು ಹೊರಗೆ ನಿಂತರು.

"ಯಾರ ಬಲವಂತವೂ ಇಲ್ಲದೆ, ನಿನ್ನ ಸ್ವಂತ ಇಚ್ಛೆಯಿಂದ ಬರ್ತಾ ಇದ್ದೀಯೇನಮ್ಮ?"

"ಗೊತ್ತಿಲ್ಲ ಸ್ವಾಮಿ."

ನಕ್ಕರು. "ಹೌದು, ಇಲ್ಲ, ಎರಡರಲ್ಲಿ ಒಂದು ಹೇಳಬೇಕು."

"ಬಲವಂತ ಮಾಡ್ಲಿಲ್ಲ. ಮೋಸ ಮಾಡಿದ್ರು. ಅದಕ್ಕೆ ಬೇರೆ ಪ್ರಶ್ನೆ ಇದ್ರೆ ಕೇಳಿ."

ಪೆನ್ನು ಕೆಳಗಿಟ್ಟರು. ಎಲ್ಲ ಹೇಳಿದೆ. ರಾಗಿ, ಟ್ರಂಕು, ಮೊಟ್ಟೆ, ಸ್ಕೂಲು. ಬೇಸರಪಡದೆ ಕೇಳಿದರು. ಕೊನೆಗೆ, "ಸರಿ. ಗೊತ್ತಾಯ್ತಲ್ಲ ಈಗ. ಈಗ ಬೇಡ ಅನ್ನಿಸ್ತಾ ಇದೆಯಾ?"

ಬೇಡ ಅನ್ನುವುದಕ್ಕೆ ಬಾಯಿ ತೆಗೆದೆ. ಬರಲಿಲ್ಲ. ಬೇಕು ಅನ್ನುವುದೂ ಬರಲಿಲ್ಲ. ಬೇಕು ಅಂದರೆ ಅವ್ವ ಗೆದ್ದ ಹಾಗೆ. ಬೇಡ ಅಂದರೆ ಅವ್ವನ ಮೇಲಿನ ಸಿಟ್ಟಿಗೆ ಅಂದ ಹಾಗೆ. ಎರಡರಲ್ಲೂ ನಾನು ಇಲ್ಲ.

"ಮನೆಗೆ ಹೋಗಮ್ಮ. ಕಟ್ಟಿ ತಂದವರು ದೇವರಿಗೆ ಬೇಡ. ಅವನಿಗೆ ಅವಸರವೂ ಇಲ್ಲ."

ಒಳ್ಳೆಯ ಮಾತೇ. ಆದರೆ ಹೊರಗೆ ಬಂದಾಗ ಮದರ್ ಮುಖ ತಿರುಗಿಸಿದರು. ಇನ್ನು ಶೆಡ್ಡಿಗೂ ಬರುವುದು ಬೇಡ ಅಂತ ಅವರೂ ಹೇಳಲಿಲ್ಲ, ಬರುತ್ತೇನೆ ಅಂತ ನಾನೂ ಹೇಳಲಿಲ್ಲ.

ಅವ್ವ ಹೊಸ್ತಿಲಲ್ಲಿ ಕಾದಿದ್ದಳು. ಹೇಳಿದೆ. "ಒಂದು ಹೌದು ಅನ್ನಕ್ಕೆ ಏನೇ ಬಂದಿತ್ತು ನಿಂಗೆ ದಾಡಿ? ಹದಿನೆಂಟು ವರ್ಷ ಉಸಿರು ಬಿಗಿ ಹಿಡ್ಕೊಂಡಿದೀನಿ ನಾನು, ಹದಿನೆಂಟು ವರ್ಷ!" ಅಂದು ಒಳಗೆ ಹೋಗಿ ಮುಸುಕು ಹಾಕಿಕೊಂಡಳು. ರಾತ್ರಿ ಊಟ ಇಲ್ಲ. ಅಪ್ಪ ಅನ್ನಕ್ಕೆ ಮಜ್ಜಿಗೆ ಕಲೆಸಿಕೊಂಡ. ನಾನು ನೋಡುತ್ತಾ ಕೂತೆ.

೩ ಅಕ್ಟೋಬರ್, ಶುಕ್ರವಾರ

ಬರೆಯಲು ಏನೂ ಇರಲಿಲ್ಲ. ನಾನು ಕೆಮ್ಮಿದರೆ ಅವ್ವ ಬೆಚ್ಚಿ ನೋಡುತ್ತಾಳೆ. ಚಿನ್ನಪ್ಪನ ಹಾಗೆ ಹೋಗಿಬಿಡುತ್ತೇನೆ ಅಂತ. ಅದೇ ತಡೆಯಲಾಗದ್ದು.

ಇವತ್ತು ಸ್ಟೇಷನ್ ಹತ್ತಿರದ ಜಟಕಾ ಸ್ಟ್ಯಾಂಡಿಗೆ ಹೋದೆ. ದಸರಾ ಬರುತ್ತಿದೆ, ಗಾಡಿಗಳಿಗೆಲ್ಲ ಬಣ್ಣ. ಮರಿಯಯ್ಯ ಅಂದೆ, ತೋರಿಸಿದರು. ಕೆಂಪು ಪೇಟ, ಬಿಳಿ ಮೀಸೆ. ಕುದುರೆಯ ಮೈ ಉಜ್ಜುತ್ತಿದ್ದ.

"ಎಲ್ಲಿಗಮ್ಮಿ ಓಗ್ಬೇಕು?"

"ಎಲ್ಲಿಗೂ ಇಲ್ಲ. ನಾನು ಕುಂಬಾರಕೊಪ್ಪಲಿನ ಜ್ಞಾನಪ್ಪನ ಮಗಳು."

ಉಜ್ಜುತ್ತಲೇ ಇದ್ದ. "ಕುದ್ರೆ ನಾತ ಅಂದೋನ ಮಗಳು."

"ಹೂಂ."

"ಒಡೀತಾ ಐತಾ ನಾತ?"

"ಹೊಡೀತಿದೆ ಮಾವ."

ಕುದುರೆ ಬೆದರುವ ಹಾಗೆ ನಕ್ಕ. ಕಲ್ಲಿನ ಮೇಲೆ ಜಾಗ ಮಾಡಿಕೊಟ್ಟ. ಎಲ್ಲ ಹೇಳಿದೆ. ನಗು ನಿಂತಿತು.

"ಬಂದಿದ್ದೆ ಕಣಮ್ಮಿ ಆವತ್ತು. ಚರ್ಚಿನ ಗೇಟ್‌ತಂಕ ಬಂದಿದ್ದೆ. ರಾಗಿ ಗಾಡೀಲೇ ಇತ್ತು. ನಿಮ್ಮಪ್ಪ ಬಾಗಿಲಲ್ಲಿ ನಿಂತು ಮೂಗು ಒರೆಸ್ಕೋತಿದ್ದ. ನೆಗಡಿನೋ ಏನೋ. ನನ್ನ ನಾತಕ್ಕೇ ಅಂದ್ಕಂಡೆ. ಗಾಡಿ ತಿರುಗಿಸ್ಬುಟ್ಟೆ. ಇನ್ಯಾರಾದ್ರೂ ಎತ್ಕೋತಾರೆ ಬುಡು ಅಂತ."

"ಆ ರಾಗಿ?"

ಕುದುರೆ ಕಡೆ ನೋಡಿದ. "ಇದರಮ್ಮನಿಗೆ ಆಕ್ದೆ."

ನನ್ನ ಬಾಳನ್ನು ಒಂದು ಕುದುರೆ ತಿಂದಿತ್ತು. ಮೂರು ಜನ ಮಾಡಿದ ಸಣ್ಣ ಸಣ್ಣ ಕೆಲಸ. ಒಬ್ಬನು ಮೂಗು ಒರೆಸಿಕೊಂಡ, ಒಬ್ಬನು ಗಾಡಿ ತಿರುಗಿಸಿದ, ಒಬ್ಬಳು ಎತ್ತಿಕೊಂಡಳು. ಅದರಲ್ಲಿ ಎತ್ತಿಕೊಂಡವಳಿಗೆ ಮಾತ್ರ ಶಿಕ್ಷೆ ಯಾಕೆ ಅಂತ ಈಗ ಅನ್ನಿಸುತ್ತಿದೆ. ಹಾಗಂತ ಅವಳ ಮೇಲಿನ ಸಿಟ್ಟು ಇಳಿದಿಲ್ಲ.

"ಭಾನುವಾರ ಬಾ ಮಾವ. ರಾಗಿ ತಗೊಂಡು ಬಾ" ಅಂದೆ.

೫ ಅಕ್ಟೋಬರ್, ಭಾನುವಾರ

ಮಧ್ಯಾಹ್ನ. ಪೂಜೆ ಮುಗಿದು ಜನ ಚದುರಿದ್ದರು. ಮಾತೆಯ ಪೀಠದ ಮೆಟ್ಟಿಲ ಮೇಲೆ ಹೋಗಿ ಕೂತೆ. ಕಲ್ಲು ನಿಜವಾಗಿಯೂ ತಣ್ಣಗಿದೆ. ಸಾಕ್ಷಿಗೆ ಪುಟ್ಟತಾಯಮ್ಮ. ಅವ್ವನಿಗೆ ಬೆಳಿಗ್ಗೆಯೇ ಹೇಳಿದ್ದೆ. ಬರುವುದಿಲ್ಲ ಅಂದವಳು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಳಗೆ ಕಾಲಿಡಲಿಲ್ಲ.

ಮಾವ ರಾಗಿ ತಂದದ್ದು ಕುದುರೆಗೆ ಹುರುಳಿ ಕಟ್ಟುವ ಚೀಲದಲ್ಲಿ. ಪೇಟ ತೆಗೆದ. ಮಾತು ಮರೆತುಹೋಗಿತ್ತು. ಪುಟ್ಟತಾಯಮ್ಮ ಹೇಳಿಕೊಟ್ಟಳು.

"ನಿನ್ನ ರಾಗಿ ತಗೋ ತಾಯಿ. ನನ್ನ ಮಗೂನ ಕೊಡು. ತಡ ಆಯ್ತು, ಒಟ್ಟೆಗಾಕ್ಕೋ." ಸುರಿದ. ನನ್ನ ಕಡೆ ತಿರುಗಿ, "ಏಳಮ್ಮಿ. ಎತ್ತಕ್ಕಾಗಲ್ಲ ನಿನ್ನ, ಸೊಂಟ ಇಡ್ಕತದೆ."

ಕೈ ಕೊಟ್ಟ. ಹಿಡಿದು ಎದ್ದೆ.

"ಈಗ ನೀನು ನನ್ನೋಳು. ನಿನ್ನ ಕಟ್ಕಂಡು ನಾನೇನು ಮಾಡ್ಲಿ? ಓಗು. ಎಲ್ಲಿಗೆ ಬೇಕಾದ್ರೂ ಓಗು."

ಅವ್ವ ಬಾಗಿಲಿನಿಂದಲೇ ಕೇಳಿದಳು, "ಮಾತೆ ಸುಮ್ನಿದ್ದಾಳಾ?"

"ಇನ್ನೇನು ಕುಣೀತಾಳಾ? ರಾಗಿ ಕೊಟ್ಟಾಯ್ತಲ್ಲ, ಬಾ" ಅಂದಳು ಪುಟ್ಟತಾಯಮ್ಮ. ಅವ್ವ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಮಾವ ಹೋಗಿ ಅವಳ ಪಕ್ಕ ಕೂತ. ನಾನು ಹತ್ತಿರ ಹೋಗಲಿಲ್ಲ.

ಹಗುರವಾಗುತ್ತದೆ ಅಂದುಕೊಂಡಿದ್ದೆ. ಇಲ್ಲ. ಬೀದಿಯಲ್ಲಿ ನಡೆಯುತ್ತಾ ಯಾವ ಕಡೆ ಹೋಗಲಿ ಅಂತ ನಿಂತೆ. ಯಾವ ಕಡೆ ಹೋದರೂ ಯಾರೂ ಏನೂ ಅನ್ನುವುದಿಲ್ಲ. ಅದೇ ವಿಚಿತ್ರ.

ಕಾಲು ಕಾನ್ವೆಂಟಿನ ಹಿಂದಿನ ರಸ್ತೆಗೆ ತಂದಿತ್ತು. ಗೇಟಿನ ಹತ್ತಿರ ಮಕ್ಕಳು, ಕೈತುಂಬ ಚೂರು. ಒಂದು ಹುಡುಗಿ ನನಗೂ ಕೊಟ್ಟಿತು. ಎರಡೂ ಕಡೆ ಕಂದು. ಮಧ್ಯದಲ್ಲಿ ಕಪ್ಪು. "ದಿನಾ ಇಷ್ಟೊಂದು ಬತ್ತದೆ ಅಕ್ಕ ಈಗ! ಎಲ್ಲಾ ಸೀದೋದೇ!" ಖುಷಿಯೋ ಖುಷಿ.

ಸಿಸ್ಟರ್ ಕೈಗೆ ಇಕ್ಕಳ ನಿಲ್ಲುತ್ತಿಲ್ಲ. ಸುಯ್ ಅನ್ನುವ ಸದ್ದು ನಿಂತದ್ದು ಕೆಮ್ಮಿನಲ್ಲಿ ಕೇಳಿಸುತ್ತಿಲ್ಲ.

ಚೂರು ತಿನ್ನಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

೬ ಅಕ್ಟೋಬರ್, ಸೋಮವಾರ. ಬೆಳಗಿನ ಜಾವ

ಎಚ್ಚರವಾಯಿತು. ಅಭ್ಯಾಸ.

ಅಭ್ಯಾಸ ಅಂತ ಬರೆದದ್ದು ಸುಳ್ಳು. ನಿನ್ನೆಯೇ ಹಳೇ ಸೀರೆ ತೆಗೆದಿಟ್ಟು ಮಲಗಿದ್ದೆ. ಇದ್ದಿಲ ಮಸಿ ಹತ್ತಿದ್ದು.

ಕ್ಷಮಿಸಿಲ್ಲ. ಅವ್ವನನ್ನೂ ಇಲ್ಲ, ಸಿಸ್ಟರನ್ನೂ ಇಲ್ಲ. ಸಿಸ್ಟರ್‌ಗೆ ಅದನ್ನು ಮುಖಕ್ಕೇ ಹೇಳಬೇಕು. ಹೇಳಿ ಇಕ್ಕಳ ಹಿಡಿಯುವುದೋ, ಹಿಡಿದುಕೊಂಡೇ ಹೇಳುವುದೋ ನೋಡಬೇಕು. ಒಳಗೆ ಸೇರುತ್ತೇನಾ ಅಂತ ಕೇಳಿದರೆ ಇವತ್ತೂ ಗೊತ್ತಿಲ್ಲ ಅಂತಲೇ ಅನ್ನುತ್ತೇನೆ. ಟ್ರಂಕು ಮುಟ್ಟಿಲ್ಲ, ಅಲ್ಲೇ ಇರಲಿ. ಆದರೆ ರೊಟ್ಟಿ ಸೀಯುತ್ತಿದೆ. ಅದಕ್ಕೂ ಅವ್ವನಿಗೂ ಸಂಬಂಧವಿಲ್ಲ, ಮಾತೆಯ ಹರಕೆಗೂ ಇಲ್ಲ. ದೇವರ ಮುಂದೆ ಎತ್ತುವುದು. ಸೀಯಬಾರದು.

ಅವ್ವ ಎದ್ದು ಕೂತಿದ್ದಾಳೆ. ಬುಡ್ಡಿ ಬೆಳಕಿನಲ್ಲಿ ನಾನು ಬರೆಯುವುದನ್ನು, ಸೀರೆಯನ್ನು ನೋಡುತ್ತಿದ್ದಾಳೆ. ಮೊದಲಾದರೆ ಆ ಮುಖದಲ್ಲಿ ಒಂದು ಸಮಾಧಾನ ಇರುತ್ತಿತ್ತು, ಎಲ್ಲ ಗೊತ್ತಿರುವವಳ ಹಾಗೆ. ಇವತ್ತು ಇಲ್ಲ.

"ಎಲ್ಲಿಗೆ ಓಗ್ತೀಯೇ?" ಅಂದಳು.

ಗೊತ್ತಿಲ್ಲದೆ ಕೇಳುತ್ತಿದ್ದಾಳೆ. ಹುಟ್ಟಿದಾಗಿನಿಂದ ಇದೇ ಮೊದಲು. ಕಾಯುತ್ತಿದ್ದಾಳೆ. ಹೇಳಬೇಕು. ಅವ್ವ, ನಾನು—